ಎರೆಹುಳುವಿನ ‘ಎರೆ’ ಎರೆ ಹೊಲದ್ದಾ, ಮೀನಿನ ಗಾಳದ್ದಾ?

ಎರೆಹುಳು ಅನ್ನೋ ಪದದಲ್ಲಿರುವ ‘ಎರೆ’ಗೆ ಏನರ್ಥ? ಮೂರು ವಾರದಿಂದ ಇದೇ ತಲೆಯಲ್ಲಿದೆ.

ನಾನು ಸಿರುಗುಪ್ಪದವನು, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು ನಲವತ್ತಾರು. ಹೋದ ಮುಂಗಾರಿನಿಂದ ಹಕ್ಕಿ, ಹುಳು, ಗಿಡ ಅಂತ ನೋಡಿ ಬರೆದಿಡುವುದನ್ನು ಶುರು ಮಾಡಿದ್ದೇನೆ. ನೋಡಿದ್ದಕ್ಕೆಲ್ಲ ಮೊದಲು ಒಂದು ಹೆಸರು ಬೇಕು, ಅಲ್ವಾ? ಹೆಸರು ಕೇಳುತ್ತಾ ಹೋದರೆ ಒಂದೊಂದು ಹೆಸರೂ ಒಂದೊಂದು ಕಥೆ.

ನಮ್ಮ ದೊಡ್ಡಪ್ಪನನ್ನು ಕೇಳಿದೆ. ‘ಎರಿ ಹೊಲ್ದಾಗ ಇರ್ತೈತಲ್ಲ, ಅದಕ್ಕ ಎರಿಹುಳ’ ಅಂದರು. ನಮ್ಮ ಕಡೆ ನೆಲ ಅಂದರೆ ಎರಡೇ: ಒಂದು ಎರೆ, ಇನ್ನೊಂದು ಮಸಾರಿ. ಎರೆ ಕಪ್ಪು ಮಣ್ಣು, ಮಸಾರಿ ಕೆಂಪು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರುಕು ಬಿಡುತ್ತದೆ. ಹಾಗಾಗಿ ದೊಡ್ಡಪ್ಪ ಹೇಳಿದ್ದು ನನಗೂ ಸರಿ ಅನ್ನಿಸಿತ್ತು.

ಆಮೇಲೆ ಯೋಚನೆ ಬಂತು. ಮಲೆನಾಡಿನವರೂ ಎರೆಹುಳು ಅಂತಾರೆ, ಮೈಸೂರಿನ ಕೆಂಪು ಮಣ್ಣಿನವರೂ ಹಾಗೇ ಅಂತಾರೆ. ಅಲ್ಲಿ ಎರೆ ಹೊಲ ಎಲ್ಲಿದೆ? ಇನ್ನು ಎರೆಗೊಬ್ಬರದ ತೊಟ್ಟಿಗೆ ಬಿಡುವ ಜಾತಿಗಳನ್ನು ನೋಡಿ, ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜಿನಿಯೇ ಅಂತ ಇವೆಯಲ್ಲ. ಅವು ಮೇಲ್ಮಟ್ಟದಲ್ಲೇ ಇದ್ದು ಕೊಳೆತ ಎಲೆ, ಸಗಣಿ ತಿಂದು ಬದುಕುವಂಥವು. ಕಪ್ಪು ಮಣ್ಣಿಗೂ ಅವಕ್ಕೂ ಸಂಬಂಧವೇ ಇಲ್ಲ.

ಉತ್ತರ ಸಿಕ್ಕಿದ್ದು ಕಂಪ್ಲಿಯಲ್ಲಿ, ಹೊಳೆ ದಂಡೆ ಮೇಲೆ. ಇಬ್ಬರು ಹುಡುಗರು ಗಾಳ ಹಿಡಿದು ಕೂತಿದ್ದರು, ಪಕ್ಕದಲ್ಲಿ ಒದ್ದೆ ಮಣ್ಣು ತುಂಬಿದ ಡಬ್ಬಿ, ಅದರೊಳಗೆ ಎರೆಹುಳು. ‘ಎರಿ ಹಾಕಿದ್ಯಾ?’ ಅಂತ ಒಬ್ಬ ಇನ್ನೊಬ್ಬನನ್ನು ಕೇಳಿದ. ಅಷ್ಟೇ! ಎರೆ ಅಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು. ತಮಿಳಿನಲ್ಲೂ ‘ಇರೈ’ ಅಂದರೆ ಹಕ್ಕಿ, ಪ್ರಾಣಿಗಳ ಆಹಾರ, ಬೇಟೆ. ನಮ್ಮ ಗಿರಣಿಯಲ್ಲಿ ತೆಲುಗು ಮನೆಮಾತಿನವರು ಜಾಸ್ತಿ, ಅವರನ್ನೂ ಕೇಳಿದೆ. ಗಾಳದ ತಿನಿಸಿಗೆ ‘ಎರ’ ಅಂತಾರೆ, ಕಪ್ಪು ಮಣ್ಣಿಗೆ ‘ನಲ್ಲ ರೇಗಡಿ’ ಅಂತಾರೆ. ಅಂದರೆ ಕನ್ನಡದಲ್ಲಿ ಒಂದೇ ಥರ ಕೇಳುವ ಎರಡು ಪದ ತೆಲುಗಿನಲ್ಲಿ ಬೇರೆ ಬೇರೆಯಾಗಿ ನಿಂತಿವೆ. ಹುಳುವಿಗೆ ಮಾತ್ರ ಅವರು ‘ವಾನಪಾಮು’ ಅಂತಾರೆ, ಮಳೆಹಾವು. ಎಷ್ಟು ಚೆಂದದ ಹೆಸರು!

ಹಾಗಾಗಿ ನನ್ನ ಮಟ್ಟಿಗೆ ಎರೆಹುಳು ಅಂದರೆ ಗಾಳದ ಹುಳು, ಹೊಲದ ಹುಳು ಅಲ್ಲ. ಆದರೆ ದೊಡ್ಡಪ್ಪ ಹೇಳಿದ ಎರೆ ಇನ್ನೊಂದು ಹೆಸರಿನಲ್ಲಿ ಗಟ್ಟಿಯಾಗಿ ಕೂತಿದೆ: ಎರೆಭೂತ. ನಮ್ಮ ತಾಲ್ಲೂಕಿನ ಒಣ ಹೊಲಗಳಲ್ಲಿ ಅಪರೂಪಕ್ಕೆ ಕಾಣುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಇಲ್ಲಿಯವರು ಇಟ್ಟ ಹೆಸರು ಅದು. ಸುಮಾರು ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ, ಮೊಟ್ಟೆ ಸಾಮಾನ್ಯವಾಗಿ ಒಂದೇ, ಅದೂ ಬರೀ ನೆಲದ ಮೇಲೆ. 2011ರಿಂದ ಅದು ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಹಕ್ಕಿ ಹೋದರೆ ಆ ಹೆಸರು ಯಾರ ಬಾಯಲ್ಲಿ ಉಳಿಯುತ್ತದೆ ಹೇಳಿ. ನೀರು ಎರೆಯುವುದು, ತಲೆಗೆ ಎರಕೊಳ್ಳುವುದು, ಆ ಎರೆ ಮೂರನೆಯದು, ಇಲ್ಲಿಗೆ ತರುವುದು ಬೇಡ.

ಇನ್ನೊಂದು ಮಾತು. ಪದದ ಬೆನ್ನು ಹತ್ತಿದ ಮೇಲೆ ಹುಳುವನ್ನೇ ಸರಿಯಾಗಿ ನೋಡಿಲ್ಲ ಅನ್ನಿಸಿತು. ಒಂದನ್ನು ತಂದು ದಿನಪತ್ರಿಕೆ ಮೇಲೆ ಬಿಟ್ಟು, ಫ್ಯಾನು ಆರಿಸಿ, ಕಿವಿ ಹತ್ತಿರ ಇಟ್ಟೆ. ಪರಪರ ಅಂತ ಸಣ್ಣ ಸದ್ದು. ಅದರ ಮೈಯ ಹೆಚ್ಚುಕಡಿಮೆ ಒಂದೊಂದು ಉಂಗುರದಲ್ಲೂ ಚಿಕ್ಕ ಬಿರುಗೂದಲು ಇವೆ, ಅವು ಕಾಗದ ಕೆರೆಯುವ ಸದ್ದು ಅದು. ಬೆರಳಲ್ಲಿ ಬಾಲದಿಂದ ತಲೆ ಕಡೆಗೆ ಸವರಿದರೆ ದೊರಗು ಗೊತ್ತಾಗುತ್ತದೆ. ಚರ್ಮದಿಂದಲೇ ಉಸಿರಾಡುವ ಜೀವ, ಮೈ ಒಣಗಿದರೆ ಸಾಯುತ್ತದೆ, ಅದಕ್ಕೇ ಬೇಗ ಒದ್ದೆ ಮಣ್ಣಿಗೆ ಬಿಟ್ಟು ಬಂದೆ.

ಈಗ ನಿಮ್ಮಿಂದ ಬೇಕಾಗಿರುವುದು ಎರಡು. ‘ಹುಳು’ ಸೇರಿಸದೆ ಬರೀ ‘ಎರೆ’ ಅಂತಲೇ ಈ ಹುಳುವನ್ನು ಕರೆಯುವ ಊರು ನಿಮಗೆ ಗೊತ್ತಾ? ಗೊತ್ತಿದ್ದರೆ ಯಾವ ಊರು, ಯಾರ ಬಾಯಲ್ಲಿ ಕೇಳಿದಿರಿ ಅಂತ ಬರೆಯಿರಿ.

ಎರಡನೆಯದು, ಮಳೆ ಬಿದ್ದ ಮರುದಿನ ಬದುವಿನ ಮೇಲೆ ಶಾವಿಗೆ ಒತ್ತಿಟ್ಟ ಹಾಗೆ ಮಣ್ಣಿನ ಸಣ್ಣ ಗುಪ್ಪೆಗಳು ಎದ್ದಿರುತ್ತವಲ್ಲ, ಎರೆಹುಳು ಹೊರಹಾಕಿದ್ದು, ಅದಕ್ಕೆ ಏನಂತೀರಿ? ಕೆಲವರು ಹಿಕ್ಕೆ ಅಂತ ಬರೆಯುತ್ತಾರೆ. ನನಗೆ ಒಪ್ಪಿಗೆ ಇಲ್ಲ, ಹಿಕ್ಕೆ ಅಂದರೆ ಕಣ್ಣ ಮುಂದೆ ಬರೋದು ಕುರಿ, ಆಡು. ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗಿಂತ ಜಾಸ್ತಿ ಮಣ್ಣು ಈ ಹುಳುಗಳ ಹೊಟ್ಟೆ ಹಾದು ಬರುತ್ತದೆ ಅಂತ ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಲೆಕ್ಕ ಹಾಕಿ ಬರೆದಿದ್ದಾರೆ. ಅಷ್ಟು ಮಣ್ಣಿಗೆ ಅದರದ್ದೇ ಒಂದು ಹೆಸರು ಹೊಲ ಮಾಡುವವರ ಮಾತಲ್ಲಿ ಇದ್ದೇ ಇರಬೇಕು. ನಮ್ಮ ಓಣಿಯಲ್ಲಿ ಏಳೆಂಟು ಜನರನ್ನು ಕೇಳಿದೆ, ಎಲ್ಲರೂ ‘ಎರಿಹುಳದ ಮಣ್ಣು’ ಅಂದರು. ನಿಮ್ಮ ಊರಲ್ಲಿ?