ಪಿನ್ನೇ ಇಲ್ಲದ ಬ್ರಷ್ ಚಾರ್ಜ್ ಆಗುವುದು ಹೇಗೆ?

ನಿವೃತ್ತ ಮೇಷ್ಟ್ರು, ತುಮಕೂರು:
ಮಗಳು ಬ್ಯಾಟರಿ ಬ್ರಷ್ ತಂದುಕೊಟ್ಟಿದ್ದಾಳೆ. ಅರವತ್ತು ವರ್ಷ ಕೈಯಲ್ಲೇ ಹಲ್ಲು ತಿಕ್ಕಿದವನಿಗೆ ಬಾಯಿಯೊಳಗೆ ದುಂಬಿ ಹೊಕ್ಕಂತಾಗುತ್ತದೆ. ಮೊದಲ ದಿನ ಬಾಯಿಗಿಡುವ ಮುನ್ನವೇ ಗುಂಡಿ ಒತ್ತಿ ಕನ್ನಡಿಗೆಲ್ಲ ಪೇಸ್ಟ್ ಎರಚಿದೆ. ಎರಡು ಅನುಮಾನಗಳಿವೆ. ತಳದಲ್ಲಿ ಲೋಹದ ಪಿನ್ನೇ ಇಲ್ಲ, ಚಾರ್ಜ್ ಹೇಗಾಗುತ್ತದೆ? ಉಜ್ಜುವಾಗ ನಡುನಡುವೆ ತಡವರಿಸುತ್ತದೆ, ಕೆಟ್ಟಿದೆಯೇ?

ಮೋಟಾರ್ ರಿವೈಂಡಿಂಗ್ ಮಾಡುವವನು:
ಟ್ರಾನ್ಸ್‌ಫಾರ್ಮರನ್ನು ಎರಡು ಹೋಳು ಮಾಡಿದಂತೆ ಎಂದುಕೊಳ್ಳಿ, ಸರ್. ಸ್ಟ್ಯಾಂಡಿನಲ್ಲಿ ಒಂದು ತಂತಿ ಸುರುಳಿ, ಹಿಡಿಯ ತಳದಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಹರಿಯುವ, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತಿನಿಂದ (ಎಸಿ) ಕಾಂತಕ್ಷೇತ್ರ ಬದಲಾಗುತ್ತಿರುತ್ತದೆ, ಅದು ಎರಡನೆಯದರಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ನಡುವೆ ಪ್ಲಾಸ್ಟಿಕ್ ಇದ್ದರೂ ಅಡ್ಡಿಯಿಲ್ಲ. ಒದ್ದೆ ಬಚ್ಚಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ದಂತವೈದ್ಯೆ:
ಕೆಟ್ಟಿಲ್ಲ. 30 ಸೆಕೆಂಡಿಗೊಮ್ಮೆ ತಡವರಿಸಿದರೆ ಬಾಯಿಯ ಮುಂದಿನ ಕಾಲುಭಾಗಕ್ಕೆ ಹೋಗಿ ಎಂದರ್ಥ. ಒಟ್ಟು 2 ನಿಮಿಷ. ಬ್ರಷ್‌ನ ತಲೆ ದುಂಡಗಿದ್ದರೆ ಅದು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುವ ಬಗೆ, ಉದ್ದವಿದ್ದರೆ ಸಾಮಾನ್ಯವಾಗಿ ವೇಗವಾಗಿ ಕಂಪಿಸುವ ಸೋನಿಕ್ ಬಗೆ. ಯಾವುದೇ ಇರಲಿ, ಪಾತ್ರೆ ತಿಕ್ಕಿದಂತೆ ತಿಕ್ಕಬೇಡಿ. ಹಲ್ಲಿನ ಮೇಲೆ ಇಟ್ಟು ಮೆಲ್ಲಗೆ ಸರಿಸಿದರೆ ಸಾಕು. ಕೆಲವು ಬ್ರಷ್‌ಗಳಲ್ಲಿ ಒತ್ತಡ ಹೆಚ್ಚಾದರೆ ಕೆಂಪು ದೀಪ ಹೊತ್ತುತ್ತದೆ. ತಲೆಯನ್ನು ಸುಮಾರು 3 ತಿಂಗಳಿಗೊಮ್ಮೆ ಬದಲಿಸಿ.

ನಿವೃತ್ತ ಮೇಷ್ಟ್ರು:
ಆ ಕೆಂಪು ದೀಪವನ್ನು ನಾನು ಚಾರ್ಜ್ ಮುಗಿದ ಸೂಚನೆ ಎಂದುಕೊಂಡು ದಿನವೂ ಸ್ಟ್ಯಾಂಡಿಗೆ ಇಡುತ್ತಿದ್ದೆ!