ಬಡ ಜಿಲ್ಲೆಯ ಎರಡು ಸರ್ಕಾರಿ ಶಾಲೆಗಳ ಫಲಿತಾಂಶ ಹೋಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಬಡ ಕುಟುಂಬಗಳೇ ಹೆಚ್ಚಿರುವ ಜಿಲ್ಲೆ. ಗಣಿತದಲ್ಲಿ ಒಂದು ಶಾಲೆಯಲ್ಲಿ ಶೇ. 82 ಪಾಸು, ಇನ್ನೊಂದರಲ್ಲಿ ಶೇ. 64. ಎರಡೂ ಕಡೆ ಮಕ್ಕಳ ಮನೆ ಪರಿಸ್ಥಿತಿ ಹೆಚ್ಚುಕಡಿಮೆ ಒಂದೇ. ಎರಡನೇ ಶಾಲೆಯಲ್ಲಿ ಪಾಠ ಸರಿಯಿಲ್ಲ ಎನ್ನಬಹುದೇ?

ಉತ್ತರ: ಇಷ್ಟರ ಮೇಲೆ ಹೇಳಬೇಡಿ, ಆ ಶಾಲೆಯ ಶಿಕ್ಷಕರಿಗೆ ಅನ್ಯಾಯವಾದೀತು. ಮೊದಲು ದಾಖಲಾತಿ ಪುಸ್ತಕ ನೋಡಿ. ದಾಖಲಾದವರು 30, ಪರೀಕ್ಷೆ ಬರೆದವರು 22, ಪಾಸಾದವರು 18 ಎಂದಿದ್ದರೆ ಬರೆದವರ ಲೆಕ್ಕದಲ್ಲಿ ಶೇ. 82 ಬರುತ್ತದೆ, ದಾಖಲಾದವರ ಲೆಕ್ಕದಲ್ಲಿ ಬರೀ ಶೇ. 60. ಇನ್ನೊಂದು ಶಾಲೆಯಲ್ಲಿ 25 ಮಕ್ಕಳೂ ಬರೆದು 16 ಪಾಸಾಗಿದ್ದರೆ ಅದೇ ಮುಂದಿದೆ! ಪರೀಕ್ಷೆಗೆ ಬಾರದವರಲ್ಲಿ ಹೆಚ್ಚಿನವರು ಕಲಿಕೆಯಲ್ಲಿ ಹಿಂದುಳಿದವರೇ ಆಗಿರುತ್ತಾರೆ.

ಮಕ್ಕಳ ಸಂಖ್ಯೆಯೂ ಮುಖ್ಯ. 22ರಲ್ಲಿ ಇನ್ನೊಂದೇ ಮಗು ಫೇಲಾದರೆ ಶೇ. 82 ಇದ್ದದ್ದು 77ಕ್ಕೆ ಇಳಿಯುತ್ತದೆ. ಅದಕ್ಕೇ ಪಟ್ಟಿಯ ಮೇಲ್ತುದಿಯಲ್ಲೂ ತಳದಲ್ಲೂ ಚಿಕ್ಕ ಶಾಲೆಗಳೇ ಹೆಚ್ಚು ಕಾಣುವುದು. ಮೂರು ವರ್ಷಗಳಲ್ಲಿ ಪಾಸಾದವರನ್ನೆಲ್ಲ ಕೂಡಿ, ಮೂರೂ ವರ್ಷ ದಾಖಲಾದವರ ಮೊತ್ತದಿಂದ ಭಾಗಿಸಿ. ಮೂರು ಶೇಕಡಾಗಳ ಸರಾಸರಿ ತೆಗೆದರೆ ಚಿಕ್ಕ ತಂಡಕ್ಕೂ ದೊಡ್ಡ ತಂಡಕ್ಕೂ ಒಂದೇ ತೂಕ ಕೊಟ್ಟಂತಾಗುತ್ತದೆ.

ಪ್ರಶ್ನೆ: ಇಷ್ಟು ಮಾಡಿದ ಮೇಲೂ ಅಂತರ ಉಳಿದರೆ? ಬಡತನವೇ ಕಾರಣ, ಶಾಲೆ ಏನೂ ಮಾಡಲಾಗದು ಎನ್ನುತ್ತಾರಲ್ಲ.

ಉತ್ತರ: ಹಾಗೆ ಹೇಳುವವರು 1966ರಲ್ಲಿ ಅಮೆರಿಕದ ಶಾಲೆಗಳನ್ನು ಸಮೀಕ್ಷೆ ಮಾಡಿ ಬರೆದ ಕೋಲ್ಮನ್ ವರದಿಯನ್ನು ಮುಂದಿಡುತ್ತಾರೆ. ಮನೆಯ ಹಿನ್ನೆಲೆಯ ಪ್ರಭಾವ ದೊಡ್ಡದು ಎಂದು ಅದು ತೋರಿಸಿತು, ನಿಜ. ಆದರೆ ಹಿಂದುಳಿದ ಸಮುದಾಯದ ಮಕ್ಕಳಿಗೆ ಶಾಲೆಯ ಗುಣಮಟ್ಟದಿಂದ ಆಗುವ ವ್ಯತ್ಯಾಸ ಉಳಿದವರಿಗಿಂತ ಹೆಚ್ಚು ಎಂಬುದೂ ಅದೇ ವರದಿಯಲ್ಲಿದೆ.

ಎರಡೂ ಶಾಲೆಗಳಲ್ಲಿ ಹಿಂದಿನ ವರ್ಷ ಒಂದೇ ಮಟ್ಟದ ಅಂಕ ಪಡೆದಿದ್ದ ಮಕ್ಕಳನ್ನು ಮಾತ್ರ ಹೋಲಿಸಿ. ಆಮೇಲೆ ಹಾಜರಿ. ತರಗತಿಯ ಸರಾಸರಿ ಶೇ. 92 ಇದ್ದರೂ ಕೆಲವರು ತಿಂಗಳಿಗೆ ಎರಡು ಮೂರು ದಿನ ತಪ್ಪಿಸುತ್ತಿರಬಹುದು, ಆದ್ದರಿಂದ ಮಗುವಾರು ಎಣಿಸಿ. 200 ದಿನಗಳಲ್ಲಿ 20 ದಿನ ತಪ್ಪಿದರೆ ಎಚ್ಚರಿಕೆಯ ಮಟ್ಟ. ಗಣಿತ ಶಿಕ್ಷಕರ ಹುದ್ದೆ ಎಷ್ಟು ವಾರ ಖಾಲಿಯಿತ್ತು ಎಂಬುದನ್ನೂ ಬರೆದುಕೊಳ್ಳಿ. ಭಿನ್ನರಾಶಿ ಕಲಿಸುವ ವಾರಗಳಲ್ಲಿ ಶಿಕ್ಷಕರಿಲ್ಲದಿದ್ದರೆ ಮುಂದೆ ಅನುಪಾತ, ಬೀಜಗಣಿತ ಎಲ್ಲವೂ ಕುಂಟುತ್ತವೆ.

ಇನ್ನೊಬ್ಬರ ಉತ್ತರ: ಒಂದು ಮಾತು ಸೇರಿಸುತ್ತೇನೆ. ಫೇಲಾದ ಮಕ್ಕಳಿಗೆ ಪರೀಕ್ಷೆಯಲ್ಲಿ ತಪ್ಪಿದ ಮಾತಿನ ಲೆಕ್ಕವನ್ನು (ವಾಕ್ಯಗಳಲ್ಲಿ ಕೊಟ್ಟ ಲೆಕ್ಕವನ್ನು) ನೀವೇ ಓದಿ ಹೇಳಿ. ಕೇಳಿಸಿಕೊಂಡು ಸರಿಯಾಗಿ ಬಿಡಿಸಿದರೆ ತೊಂದರೆ ಓದಿನದು. ಮನೆಮಾತು ಬೇರೆ ಇರುವ ಮಕ್ಕಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಅಂಥವರಿಗೆ ಗಣಿತದ ಹೆಚ್ಚುವರಿ ತರಗತಿ ಇಡುವ ಬದಲು ಓದಿನ ಅಭ್ಯಾಸ ಕೊಡಿ.