ಶರತ್ಕಾಲದ ತೊರೆಯಲ್ಲಿ ಬ್ರೂಕ್ ಟ್ರೌಟ್: ಮೊಟ್ಟೆಯಿಡುವ ಹೊತ್ತಿನಲ್ಲಿ ಗಾಳ ಹಾಕಬಹುದೇ?

ಮಲೆನಾಡಿಗ (ಪ್ರಶ್ನೆ):

ಅಮೆರಿಕದ ಉತ್ತರ ವರ್ಜೀನಿಯಾಕ್ಕೆ ಬಂದ ಮೇಲೆ ಫ್ಲೈ ಫಿಶಿಂಗ್ (ಕೀಟದಂತೆ ಕಾಣುವ ಹಗುರವಾದ ಕೃತಕ ಆಮಿಷವನ್ನು, ಅಂದರೆ ಫ್ಲೈಯನ್ನು, ಬೀಸಿ ಮೀನು ಹಿಡಿಯುವುದು) ಕಲಿತವನು ನಾನು. ಎರಡು ವರ್ಷಗಳಿಂದ ವಸಂತದಲ್ಲಿ, ಅಗಲವಾದ ಹೊಳೆಗಳಲ್ಲಿ, ಸಾಕಿ ತಂದು ಬಿಟ್ಟ ರೇನ್‌ಬೋ ಟ್ರೌಟ್‌ಗಳಿಗೆ ಗಾಳ ಹಾಕಿ ಅಭ್ಯಾಸವಾಗಿದೆ. ಈ ಸಲ ಅಕ್ಟೋಬರ್ ಕೊನೆಯ ವಾರ ಶೆನಂಡೋವಾ ರಾಷ್ಟ್ರೀಯ ಉದ್ಯಾನದೊಳಗೆ, ರಾಪಿಡಾನ್ ತೊರೆಯ ಮೇಲ್ಭಾಗದಲ್ಲಿ, ಅಲ್ಲಿಯೇ ಹುಟ್ಟಿ ಬೆಳೆಯುವ ಬ್ರೂಕ್ ಟ್ರೌಟ್‌ಗಳನ್ನು ಹುಡುಕಿಕೊಂಡು ಹೋಗುವ ಆಸೆಯಿದೆ. ನನ್ನ ಬಳಿ ಇರುವುದು 9 ಅಡಿಯ, 5 ವೇಟ್‌ನ (ಕೋಲಿಗೆ ಹೊಂದುವ ದಾರದ ತೂಕದ ಅಂಕ) ಕೋಲು, ಅದು ಸಾಕೇ?

ಇನ್ನೊಂದು ಸಂದೇಹ ಇದಕ್ಕಿಂತ ದೊಡ್ಡದು. ಈ ಮೀನು ಮೊಟ್ಟೆಯಿಡುವುದು ಶರತ್ಕಾಲದಲ್ಲಿ ಎಂದು ಓದಿದ್ದೇನೆ. ಚಿಕ್ಕಂದಿನಲ್ಲಿ ನಮ್ಮೂರಿನಲ್ಲಿ ಮುಂಗಾರಿನ ಮೊದಲ ನೆರೆಗೆ ಗದ್ದೆಯ ಕಾಲುವೆ ಹತ್ತಿ ಬರುತ್ತಿದ್ದ ಹತ್ತುಮೀನುಗಳನ್ನು ಕೂಳಿಯಿಟ್ಟು ಬುಟ್ಟಿಗಟ್ಟಲೆ ಹಿಡಿಯುತ್ತಿದ್ದೆವು. ಅವುಗಳ ಹೊಟ್ಟೆಯ ತುಂಬ ಇರುತ್ತಿದ್ದ ಮೊಟ್ಟೆ ಯಾರ ಪಾಲಿಗೆ ಎಂದು ಜಗಳವಾಗುತ್ತಿತ್ತೇ ಹೊರತು, ಮುಂದಿನ ವರ್ಷ ಮೀನು ಎಲ್ಲಿಂದ ಬರಬೇಕೆಂದು ಯಾರೂ ಕೇಳಿದ್ದಿಲ್ಲ. ಈಗ ಹಿಡಿದ ಮೀನನ್ನೆಲ್ಲ ಬಿಟ್ಟುಬಿಡುವವನಾದರೂ ಅದೇ ತಪ್ಪನ್ನು ಬೇರೆ ರೀತಿಯಲ್ಲಿ ಮಾಡುತ್ತೇನೇನೋ ಎಂಬ ಅಳುಕಿದೆ.

ತಣ್ಣೀರು (ಉತ್ತರ):

ನಿಮ್ಮ ಅಳುಕು ಸರಿಯಾದದ್ದೇ. ಆದರೆ ಇಲ್ಲಿ ತಪ್ಪಾಗುವುದು ಗಾಳಕ್ಕಿಂತ ಹೆಚ್ಚಾಗಿ ಕಾಲಿನಿಂದ. ಈ ಉದ್ಯಾನವಿರುವ ಬ್ಲೂ ರಿಡ್ಜ್ ಬೆಟ್ಟಗಳಲ್ಲಿ ಈ ಮೀನು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಮೊಟ್ಟೆಯಿಡುತ್ತದೆ. ಮಡುವಿನ ಆಳ ಮುಗಿದು ನೀರು ತೆಳುವಾಗಿ ಹರಿಯತೊಡಗುವ ಜಾಗದಲ್ಲಿ, ಸಾಧ್ಯವಾದರೆ ತಳದಿಂದ ಊಟೆಯ ನೀರು ಜಿನುಗುವಲ್ಲಿ, ಹೆಣ್ಣುಮೀನು ಬಾಲದಿಂದ ಸಣ್ಣ ಜಲ್ಲಿಯನ್ನು ಕೆದಕಿ ಗುಳಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿಯನ್ನೇ ಮುಚ್ಚುತ್ತದೆ. ಸುತ್ತಲಿನ ಕಲ್ಲುಗಳು ಪಾಚಿಗಟ್ಟಿ ಕಪ್ಪಾಗಿರುವಾಗ ಊಟದ ತಟ್ಟೆಯಷ್ಟಗಲದ ಈ ಜಾಗ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಕಾಣುತ್ತದೆ. ಮೊಟ್ಟೆ ಒಡೆಯುವುದು ಚಳಿಗಾಲದ ಕೊನೆಗೆ. ಆಮೇಲೂ ಮರಿಗಳು ಕೆಲವು ವಾರ ಜಲ್ಲಿಯ ಸಂದಿನಲ್ಲಿಯೇ ಇರುತ್ತವೆ. ಆದ್ದರಿಂದ ಅಕ್ಟೋಬರ್‌ನಿಂದ ವಸಂತದ ಆರಂಭದವರೆಗೂ ಅಂತಹ ಜಲ್ಲಿಯ ಮೇಲೆ ಕಾಲಿಡದೆ, ದಂಡೆಯ ಮೇಲೆ ಅಥವಾ ದೊಡ್ಡ ಬಂಡೆಗಳ ಮೇಲೆಯೇ ನಡೆಯಬೇಕು. ಎಲೆ ಉದುರಿ ತಳವನ್ನು ಮುಚ್ಚಿದ ಮೇಲೆ ಬೆಳ್ಳಗಿನ ಗುರುತೂ ಕಾಣುವುದಿಲ್ಲ, ಆಗಲೇ ಅಪಾಯ ಹೆಚ್ಚು.

ತೆಳುನೀರಿನಲ್ಲಿ ಜೋಡಿಯಾಗಿ ನಿಂತ ಮೀನುಗಳ ಕಡೆಗೆ ದಾರ ಬೀಸಬೇಡಿ. ಹೊಟ್ಟೆ ಕೆಂಡದಂತೆ ಕೆಂಪೇರಿದ ಗಂಡು ಆ ಹೊತ್ತಿನಲ್ಲಿ ಕಚ್ಚುವುದು ಹಸಿವಿನಿಂದಲ್ಲ, ಎದುರಿಗೆ ಬಂದುದನ್ನು ಓಡಿಸಲಿಕ್ಕೆ. ನಾನಂತೂ ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಮುಗಿಯುವವರೆಗೆ ಕೋಲನ್ನು ಮೂಲೆಗಿಡುತ್ತೇನೆ.

ಬಂಡೆಮೇಲಿನವ (ಉತ್ತರ):

ತಣ್ಣೀರು ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ, ಎರಡು ತಿಂಗಳ ಸನ್ಯಾಸವನ್ನಲ್ಲ. ಕಡಿದಾದ ಭಾಗಗಳಲ್ಲಿ ನೀರು ಬಂಡೆಯಿಂದ ಬಂಡೆಗೆ ಧುಮುಕುತ್ತ, ಜಲ್ಲಿಯೇ ನಿಲ್ಲದ ಚಿಕ್ಕ ಗುಂಡಿಗಳಾಗಿರುತ್ತದೆ. ಅಲ್ಲಿ ನೀರಿಗಿಳಿಯದೆ ಗಾಳ ಹಾಕುವುದಕ್ಕೆ ನನ್ನ ಆಕ್ಷೇಪವಿಲ್ಲ.

ಕೋಲಿನ ವಿಷಯ: 7 ಅಡಿಯ, 3 ವೇಟ್‌ನದ್ದು ಹಿತ, ಏಕೆಂದರೆ ತಲೆಯ ಮೇಲೆ ಕೊಂಬೆಗಳ ಚಪ್ಪರವೇ ಇರುತ್ತದೆ. ಆದರೂ ನಿಮ್ಮ 9 ಅಡಿಯ ಕೋಲನ್ನು ಹೊಸದು ಕೊಳ್ಳುವ ನೆಪವಾಗಿ ಬಳಸಬೇಡಿ. ಬಂಡೆಯ ಹಿಂದೆ ಮಂಡಿಯೂರಿ ಅದನ್ನು ಮುಂದೆ ಚಾಚಿದರೆ ದಪ್ಪ ದಾರ ನೀರನ್ನೇ ಮುಟ್ಟದೆ ಲೀಡರ್ (ದಾರದ ತುದಿಗೆ ಕಟ್ಟಿದ ತೆಳುವಾದ ಎಳೆ) ಮಾತ್ರ ತೇಲುತ್ತದೆ. ಬೀಸಲು ಜಾಗವಿಲ್ಲದಲ್ಲಿ ಫ್ಲೈಯನ್ನು ಬೆರಳಿನಲ್ಲಿ ಹಿಡಿದು ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟರಾಯಿತು. ಶರತ್ಕಾಲದ ನೀರು ಕಡಿಮೆ, ಗಾಜಿನಷ್ಟು ತಿಳಿ. ಮೀನು ಪ್ರವಾಹಕ್ಕೆ ಮುಖ ಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ, ನೆರಳು ಬೀಳದಂತೆ ಸಾಗಬೇಕು. ನನ್ನ ಅನುಭವದಲ್ಲಿ ಕೈತಪ್ಪಿದ ಮೀನುಗಳಲ್ಲಿ ಹೆಚ್ಚಿನವು ಮೊದಲ ಬೀಸಿಗೂ ಮುನ್ನವೇ ನನ್ನನ್ನು ಕಂಡು ಓಡಿದವು.

ಫ್ಲೈಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈ ಬೆಟ್ಟದ ತೊರೆಗಳಲ್ಲಿ ಆಹಾರ ವಿರಳ. ಮೀನು ಆರಿಸುತ್ತ ಕೂರುವುದಿಲ್ಲ. 14 ಅಥವಾ 16ನೆಯ ಅಳತೆಯ ಕೊಕ್ಕೆಯ ಪ್ಯಾರಾಶೂಟ್ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈಗಳು, ಹಿಮ ಬೀಳುವವರೆಗೆ ಇರುವೆಯ ಫ್ಲೈ ಸಾಕು. ಇದೇ ತೊರೆಯ ಹೆಸರು ಹೊತ್ತ ಮಿಸ್ಟರ್ ರಾಪಿಡಾನ್ ಎಂಬ ಫ್ಲೈಯೂ ಇದೆ, ಅಭಿಮಾನಕ್ಕಾದರೂ ಒಂದನ್ನು ಕಟ್ಟಿ ನೋಡಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. 9 ಅಂಗುಲದ ಮೀನು ಸಿಕ್ಕರೆ ಅದೇ ಇಲ್ಲಿ ದೊಡ್ಡದು.

ಮಲೆನಾಡಿಗ:

ಇಬ್ಬರಿಗೂ ವಂದನೆಗಳು. ಪ್ರವಾಸವನ್ನು ಸೆಪ್ಟೆಂಬರ್ ಕೊನೆಗೆ ಹಿಂದೂಡಿದರೆ ಹೇಗೆ?

ತಣ್ಣೀರು:

ಅದೇ ಉತ್ತಮ. ಉಷ್ಣಮಾಪಕವೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ, ನೀರು 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ್ದರೆ ಹಿಡಿದು ಬಿಟ್ಟ ಮೀನೂ ಬದುಕದಿರಬಹುದು, ಹಿಂತಿರುಗಿಬಿಡಿ. ಉದ್ಯಾನದ ಸ್ಕೈಲೈನ್ ಡ್ರೈವ್ ರಸ್ತೆಯ ಮಿಲಮ್ ಗ್ಯಾಪ್‌ನಲ್ಲಿ ಕಾರು ನಿಲ್ಲಿಸಿ ಸುಮಾರು 2 ಮೈಲಿ ಇಳಿದರೆ, ಮಿಲ್ ಪ್ರಾಂಗ್ ಮತ್ತು ಲಾರೆಲ್ ಪ್ರಾಂಗ್ ಎಂಬ ತೊರೆಗಳು ಕೂಡಿ ರಾಪಿಡಾನ್ ಆಗುವ ಜಾಗ ಸಿಗುತ್ತದೆ. ಅಮೆರಿಕದ ಅಧ್ಯಕ್ಷ ಹರ್ಬರ್ಟ್ ಹೂವರ್ 1929ರಲ್ಲಿ ಬಿಡಾರ ಕಟ್ಟಿಸಿದ್ದು ಅಲ್ಲಿಯೇ; ಟ್ರೌಟ್ ತೊರೆ ಇರಬೇಕು, ಸೊಳ್ಳೆ ಬಾರದಷ್ಟು ಎತ್ತರವಿರಬೇಕು ಎಂಬುದು ಅವರ ಷರತ್ತಾಗಿತ್ತು. ವರ್ಜೀನಿಯಾದ ಸಿಹಿನೀರಿನ ಮೀನುಗಾರಿಕೆಯ ಪರವಾನಗಿ ಬೇಕು. ಒಂಟಿ ಕೊಕ್ಕೆಯ ಕೃತಕ ಆಮಿಷಕ್ಕೆ ಮಾತ್ರ ಅನುಮತಿಯಿದೆ, ಎರೆಹುಳು ಸಲ್ಲದು. ರಾಪಿಡಾನ್‌ನಲ್ಲಿ ಹಿಡಿದ ಟ್ರೌಟನ್ನೆಲ್ಲ ಬಿಡಲೇಬೇಕು.

ಬಂಡೆಮೇಲಿನವ:

ಇಳಿಯುವಾಗ 2 ಮೈಲಿ, ಹತ್ತುವಾಗ ಅದು 4 ಆಗುತ್ತದೆ. ಕತ್ತಲಾಗುವ ಮುಂಚೆಯೇ ಹೊರಡಿ, ಟಾರ್ಚ್ ಇರಲಿ.